ಹುಲಿಗೆಮ್ಮ ಓದಿದ ಇಂಗ್ಲಿಷ್ ಪದ್ಯ

ಆ ಮಾತು ಆಡಿದವನು ನಾನು. ಹಿಂದಿನ ಬೆಂಚಿನ ಯಾವನೋ ಹುಡುಗ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ — ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಎಪ್ಪತ್ತರ ದಶಕ. ಧಾರವಾಡದಲ್ಲಿ ಎಂ.ಎ. ಮುಗಿಸಿ ಹೊಸಪೇಟೆಯ ಒಂದು ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದಿದ್ದೆ. ಕಾಲುವೆ ನೀರಿನಿಂದ ಕಬ್ಬು, ಭತ್ತ ಕೈಹಿಡಿದ ಮನೆಗಳ ಹುಡುಗರು. ಪದ್ಯ ಎಂದರೆ ಅವರಿಗೆ ಪರೀಕ್ಷೆಗೆ ಬರುವ ಸಾರಾಂಶ, ಅಷ್ಟೆ. ನಾನು ಓದಲು ಶುರುಮಾಡಿದರೆ ಡೆಸ್ಕು ಬಡಿಯುತ್ತಿದ್ದರು, ನೋಟ್ಸ್ ಹೇಳ್ರಿ ಸರ್ ಎನ್ನುತ್ತಿದ್ದರು. ಹೇಳುತ್ತಿದ್ದೆ — ಒಳಗೊಳಗೇ ಅವರನ್ನು ತಿರಸ್ಕರಿಸುತ್ತ.

ಒಂದು ದಿನ, ಸತ್ತ ಮಗುವಿನ ಬಗ್ಗೆ ತಾಯಿಯೊಬ್ಬಳು ಹೇಳುವ ಪದ್ಯ. ಓದು ಎಂದು ಹುಲಿಗೆಮ್ಮನನ್ನು ಎಬ್ಬಿಸಿದೆ. ಕಂಪ್ಲಿಯ ಹುಡುಗಿ, ತಾಯಿ ಭತ್ತದ ನಾಟಿಗೆ ಕೂಲಿ ಹೋಗುವವಳು. ತಡವರಿಸಲಿ ಎಂದೇ ಎಬ್ಬಿಸಿದೆನೇ? ನೆನಪಿಲ್ಲ — ನೆನಪಿಲ್ಲ ಎನ್ನುವುದನ್ನೂ ಈಗ ನಂಬಲಾರೆ. ಮೊದಲ ಸಾಲಿಗೆ ತಡವರಿಸಿದಳು. ಆಮೇಲೆ ಅದನ್ನು ನಾಟಿ ಹಾಡಿನ ಧಾಟಿಗೆ ತಂದುಕೊಂಡಳು. ಉಚ್ಚಾರ ಅರ್ಧಕ್ಕರ್ಧ ತಪ್ಪು. ಹುಡುಗರು ನಕ್ಕರು, ನಗು ತಾನಾಗಿಯೇ ನಿಂತಿತು — ಡೆಸ್ಕಿನ ಮೇಲೆ ಒಂದು ಕೈಯೂ ಆಡಲಿಲ್ಲ. ನನ್ನ ಓದಿಗೆ ಎಂದೂ ಸಿಗದ ಮೌನ.

ನನಗದನ್ನು ತಡೆದುಕೊಳ್ಳಲಾಗಲಿಲ್ಲ.

“ಸಾಕು, ನಿಲ್ಸು. ಇದು ಇಂಗ್ಲಿಷ್ ಕ್ಲಾಸು, ನಿಮ್ಮವ್ವ ನಾಟಿ ಹಚ್ಚೋ ಗದ್ದಿ ಅಲ್ಲ.”

ಕ್ಲಾಸು ಗೊಳ್ಳೆಂದಿತು. ಗಂಟೆ ಹೊಡೆದ ಮೇಲೆ ಬಾಗಿಲ ಹತ್ತಿರ ಬಂದು, ಧಾಟಿ ಬಿಟ್ರ ನನಗ ಓದಾಕ ಬರಂಗಿಲ್ರಿ ಸರ್, ಎಂದಳು. ಹಾಗಾದರೆ ಸಾರಾಂಶ ಬಾಯಿಪಾಠ ಮಾಡು ಎಂದೆ. ಅವಳು ಮತ್ತೆ ನನ್ನ ತರಗತಿಗೆ ಬರಲಿಲ್ಲ. ಇಂಗ್ಲಿಷ್ ಒಂದರಲ್ಲೇ ಫೇಲಾದಳು; ಅವಳ ಓದು ಅಲ್ಲಿಗೆ ಮುಗಿಯಿತು.

ನಾನು ಮಾತ್ರ ಈ ಕಥೆಯನ್ನು ಸೆಮಿನಾರಿನಿಂದ ಸೆಮಿನಾರಿಗೆ ಹೊತ್ತು ತಿರುಗಿದೆ — ನನ್ನ ಮಾತನ್ನು ಹುಡುಗನ ಬಾಯಿಗೆ ಹಾಕಿ, ಇವರಿಗೆ ಕಾವ್ಯ ಒಗ್ಗುವುದಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ. ಜನ ತಲೆದೂಗಿದರು.

ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಆ ತರಗತಿಯ ವೀರೇಶ ಸಿಕ್ಕ. ಪಾಪಿನಾಯಕನಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಾನೆ. ನಿಮ್ಮ ನೋಟ್ಸ್ ಒಂದಕ್ಷರ ತಲ್ಯಾಗಿಲ್ರಿ ಎಂದು ನಗುತ್ತ ಆ ಪದ್ಯದ ಎರಡು ಸಾಲು ಅಂದ — ಅವಳ ಧಾಟಿಯಲ್ಲೇ. ಆಮೇಲೆ ನಗು ಬಿಟ್ಟು, ನೀವು ಆಕಿಗೆ ಹಂಗ ಅನ್ನಬಾರದಿತ್ತು ಎಂದ.

ಅಂದದ್ದು ಹಿಂದಿನ ಬೆಂಚಿನ ಹುಡುಗನಲ್ಲವೇ ಎಂದೆ.

“ಹಿಂದಿನ ಬೆಂಚಿನ್ಯಾಗ ಕುಂತಿದ್ದವ ನಾನ ಅಲ್ಲೇನ್ರೀ ಸರ್? ನಾ ಬರೇ ನಕ್ಕಿದ್ದೆ.”

ಹುಲಿಗೆಮ್ಮ ಕಂಪ್ಲಿಯಲ್ಲೇ ಇದ್ದಾಳಂತೆ. ಮನೆಯ ಗುರುತನ್ನೂ ಹೇಳಿದ. ಕಂಪ್ಲಿ ಬಸ್ಸು ಎದುರಿಗೇ ನಿಂತಿತ್ತು, ಸೀಟುಗಳು ಖಾಲಿ ಇದ್ದವು.

ನಾನು ಹತ್ತಲಿಲ್ಲ.