ಎರಡನೆಯ ದಿನದ ಸಹಿ

ಆ ಬೀಗ ಹಾಕಿದ್ದು ನಾನು. ಹನುಮಕ್ಕ ಅಲ್ಲ.

ಎಂಟು ವರ್ಷಗಳಿಂದ ಈ ಎರಡು ಮಾತುಗಳನ್ನು ಬಾಯಲ್ಲಿಟ್ಟುಕೊಂಡೇ ಓಡಾಡಿದ್ದೇನೆ — ಬಸ್ಸಿನಲ್ಲಿ, ತರಗತಿಯಲ್ಲಿ, ಊಟಕ್ಕೆ ಕೂತಾಗ. ನುಂಗಲಿಲ್ಲ, ಉಗುಳಲಿಲ್ಲ. ಈಗ ಬರೆದು ನೋಡಿದರೆ ಅರ್ಧ ಸಾಲೂ ಆಗಲಿಲ್ಲ. ಇಷ್ಟಕ್ಕೆ ಎಂಟು ವರ್ಷ ಬೇಕಾಯಿತೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಉತ್ತರ ಇದೆ, ಅದನ್ನು ಹೇಳಲು ನಾಚಿಕೆ.

ನಾನೊಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕಳ್ಳಂಬೆಳ್ಳದಿಂದ ಒಂದಷ್ಟು ಒಳಗಿರುವ ಊರಿನ ಶಾಲೆ. ಸ್ವಭಾವದಲ್ಲಿ ಪುಕ್ಕಲ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು. ಬಸ್ ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸ್ಸು ಬರುವವನು. ನನ್ನ ಹೆಂಡತಿ ಬೀದಿಯಲ್ಲಿ ನಿಂತೇ ಹೇಳುತ್ತಾಳೆ: "ಬುಡ್ರೀ ಸಾಕು, ಜಗ್ಗಿ ಜಗ್ಗಿ ಚಿಲಕಾನೇ ಕಿತ್ಕೊಂಡ್ ಬಂದ್ಬುಟ್ಟೀರ!" ಇಂಥ ಮನುಷ್ಯ ಕಳೆದ ಕೆಲವು ವರ್ಷಗಳಿಂದ ಮಧುಗಿರಿ, ಕೊರಟಗೆರೆ ಕಡೆ ಬೇರೆ ಮೇಷ್ಟ್ರುಗಳಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಾನೆ. ಮಗುವೊಂದು ಸಿಟ್ಟಿನಿಂದಲೋ ಭಯದಿಂದಲೋ ಕೈಮೀರಿದಾಗ ದೊಡ್ಡವರು ಏನು ಮಾಡಬೇಕು, ಏನು ಮಾಡಬಾರದು ಎಂಬ ತರಬೇತಿ. ನಿಮ್ಮಲ್ಲಿ ಕೆಲವರು ನನ್ನ ಎದುರು ಕೂತು ಬರೆದುಕೊಂಡಿರಲೂಬಹುದು. ಬರೆದುಕೊಂಡಿದ್ದು ಸರಿಯಾಗಿಯೇ ಇದೆ. ಹೇಳಿದವನು ಮಾತ್ರ —

ಮೊದಲಿನಿಂದ ಹೇಳುತ್ತೇನೆ.

ಎಂಟು ವರ್ಷದ ಹಿಂದೆ ಶಿರಾದಲ್ಲಿ ಇದೇ ವಿಷಯದ ಎರಡು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ನಮ್ಮಲ್ಲಿ ಒಂದು ಅಭ್ಯಾಸವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಎರಡು ದಿನದ ಹಾಜರಾತಿ ಹಾಳೆ ಮೊದಲ ದಿನವೇ ಕೈಗೆ ಬಂದರೆ, ಎರಡೂ ಚೌಕಗಳಿಗೆ ಸಹಿ ಹಾಕಿಬಿಡುವುದು. ಮಾರನೆಯ ದಿನ ಮಧುಗಿರಿಯಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶ. ಸಹಿ ಹಾಕಿದೆ, ಹೋದೆ, ಒಬ್ಬಟ್ಟು ತಿಂದೆ. ಮೂರು ತಿಂದೆ — ಲೆಕ್ಕ ಯಾಕೆ ನೆನಪಿದೆ ಅಂತ ಕೇಳಬೇಡಿ.

ಮೊದಲ ದಿನ ಹೇಳಿದ್ದು ನೆನಪಿತ್ತು. ಮಗು ಕೆರಳಿದಾಗ ಸುತ್ತ ನೋಡುವವರು ಇರಬಾರದು, ಗದ್ದಲ ಇರಬಾರದು, ಅದಕ್ಕೆ ಒಂದು ಶಾಂತವಾದ ಜಾಗ ಬೇಕು. ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡೆ. ಅದನ್ನೆಲ್ಲ ಹೇಗೆ ಮಾಡಬೇಕು ಎಂಬುದು ಎರಡನೆಯ ದಿನದ ಪಾಠ. ನನ್ನ ಪುಸ್ತಕದಲ್ಲಿ ಆ ಹಾಳೆ ಖಾಲಿ. ಪ್ರಮಾಣಪತ್ರ ಮಾತ್ರ ಬಂತು.

ಒಂದು ತಿಂಗಳಾಗಿತ್ತು. ನಮ್ಮ ಶಾಲೆಗೆ ನಾಗಮಣಿ ಎಂಬ ಒಂಬತ್ತು ವರ್ಷದ ಹುಡುಗಿ ಹೊಸದಾಗಿ ಸೇರಿದ್ದಳು. ಪಾವಗಡದ ಆಚೆ, ಗಡಿಯಂಚಿನ ಊರಿನವಳು. ತಾಯಿ ತೀರಿಕೊಂಡಿದ್ದರು, ಅಜ್ಜಿ ಇಲ್ಲಿ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದಿದ್ದರಿಂದ ಜೊತೆಗೆ ಬಂದಿದ್ದಳು. ಕನ್ನಡ ಅರ್ಧ, ತೆಲುಗು ಅರ್ಧ. ಶಾಲೆಯ ತಟ್ಟೆಯಲ್ಲಿ ಉಣ್ಣುತ್ತಿರಲಿಲ್ಲ. ಮನೆಯಿಂದ ಒಂದು ಸ್ಟೀಲ್ ತಟ್ಟೆ ತರುತ್ತಿದ್ದಳು. ಅದರ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಅವಳ ಅಮ್ಮನ ಹೆಸರು ಕೊರೆದಿತ್ತು.

ಅವತ್ತು ಮಧ್ಯಾಹ್ನ ಯಾರೋ ಆ ತಟ್ಟೆಯನ್ನು ತಮಾಷೆಗೆ ಬಚ್ಚಿಟ್ಟರು.

ನಾಗಮಣಿ ಮೊದಲು ಹುಡುಕಿದಳು. ಆಮೇಲೆ "ಅದಿ ಮಾ ಅಮ್ಮದಿ! ಮಾ ಅಮ್ಮದಿ!" ಎಂದು ಕೂಗತೊಡಗಿದಳು — ಅದು ನಮ್ಮಮ್ಮಂದು ಅಂತ. ಮಕ್ಕಳಿಗೆ ಆ ತೆಲುಗು ಕೇಳಿ ಇನ್ನೂ ನಗು. ಆಮೇಲೆ ಅವಳು ಕೂಗುವುದನ್ನು ಬಿಟ್ಟು ಎಸೆಯತೊಡಗಿದಳು. ಸಿಕ್ಕ ಲೋಟ, ಸಿಕ್ಕ ಸೌಟು. ಒಂದು ಲೋಟ ನನ್ನ ಕಿವಿಯ ಪಕ್ಕದಲ್ಲೇ ಹೋಯಿತು.

ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ಅಡುಗೆಯ ಹನುಮಕ್ಕ ಹಿತ್ತಲ ನಲ್ಲಿಯಲ್ಲಿ ದೊಡ್ಡ ಪಾತ್ರೆ ತೊಳೆಯುತ್ತಿದ್ದಳು. ನಾನೇ ದೊಡ್ಡವನು. ಅಷ್ಟು ಹೊತ್ತಿಗೆ ನನಗೆ ನನ್ನ ತರಬೇತಿ ನೆನಪಾಯಿತು ನೋಡಿ! ನೋಡುವವರು ಇರಬಾರದು — ಮಕ್ಕಳನ್ನೆಲ್ಲ ತರಗತಿಗೆ ಅಟ್ಟಿದೆ. ಶಾಂತವಾದ ಜಾಗ ಬೇಕು — ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅಕ್ಕಿ ಬೇಳೆ ಇಡುವ ಕೋಣೆಯೊಳಗೆ ಬಿಟ್ಟೆ. ಬಾಗಿಲು ಹಾಕಿದೆ. ಚಿಲಕದಲ್ಲಿ ಬೀಗ ತೆರೆದು ನೇತಾಡುತ್ತಿತ್ತು. ಒತ್ತಿದರೆ ಬೀಳುವ ಬೀಗ. ಹಾಕಲು ಕೀಲಿ ಬೇಡ, ತೆಗೆಯಲು ಬೇಕು. ಒತ್ತಿದೆ. ಆಮೇಲೆ ಮೂರು ಸಲ ಜಗ್ಗಿ ನೋಡಿದೆ.

ಅವಳು ಬಾಗಿಲು ಬಡಿದಳು. "ಸಾರ್" ಅಂದಳು. "ಸಾರ್, ಚೀಕಟಿ" ಅಂದಳು. ಚೀಕಟಿ ಅಂದರೆ ಕತ್ತಲೆ ಎಂದು ತಿಳಿಯುವಷ್ಟು ತೆಲುಗು ನನಗೂ ಬರುತ್ತದೆ. ಐದು ನಿಮಿಷ, ತಣ್ಣಗಾಗಲಿ ಅಂದುಕೊಂಡೆ. ಬಡಿಯುವುದು ನಿಂತಿತು. ನನಗೆ ಎಂಥ ಸಮಾಧಾನ! ಮಗು ಶಾಂತವಾಯಿತು, ತರಬೇತಿ ಫಲಿಸಿತು ಎಂದುಕೊಂಡೆ. ಆಮೇಲೆ ಆ ಮೌನ ಯಾಕೋ ಉದ್ದವಾಯಿತು. ಕರೆದೆ. ಮಾತಿಲ್ಲ. ಬೀಗ ತೆಗೆಯಲು ಹೋದರೆ — ಕೀಲಿ ಹನುಮಕ್ಕನ ಸೊಂಟದಲ್ಲಿ.

ಹನುಮಕ್ಕ ಓಡಿ ಬಂದಳು. ಬೀಗ ನೋಡಿದಳು, ನನ್ನ ಮುಖ ನೋಡಿದಳು.

"ಬೀಗ ಆಕಿದ್ದೀರಾ? ಮಗೀಗಾ?"

ಬಾಗಿಲು ತೆರೆದಾಗ ನಾಗಮಣಿ ಅಕ್ಕಿ ಮೂಟೆಗಳ ಸಂದಿಯಲ್ಲಿ ಮುದುರಿ ಕೂತಿದ್ದಳು. ಲಂಗ ಒದ್ದೆಯಾಗಿತ್ತು. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಿದ್ದಳು. ಹಲ್ಲಿನ ಗುರುತಿನಲ್ಲಿ ರಕ್ತ ಬಂದಿತ್ತು. ನಾನು "ಏಳಮ್ಮ, ಏಳು" ಎಂದು ಮುಂದೆ ಹೋದೆ. ಅವಳು ಮೂಟೆಯೊಳಕ್ಕೇ ಹೋಗುವವಳ ಹಾಗೆ ಹಿಂದೆ ಸರಿದಳು.

"ನೀವು ಆಚೀಗೆ ನಡೀರಿ ಸಾ," ಅಂದಳು ಹನುಮಕ್ಕ. ಅಷ್ಟೇ.

ಹೊರಗೆ ನಿಂತು ನೋಡಿದೆ. ಹನುಮಕ್ಕ ಮಗುವಿನ ಹತ್ತಿರ ಹೋಗಲಿಲ್ಲ. ಬಾಗಿಲು ಪೂರ್ತಿ ತೆರೆದಳು, ಬಾಗಿಲಿಗೆ ಅಡ್ಡವಾಗದ ಹಾಗೆ ಗೋಡೆ ಬದಿಗೆ ನೆಲದ ಮೇಲೆ ಕೂತಳು. ಒಂದು ಮೊರಕ್ಕೆ ಅಕ್ಕಿ ಸುರಿದುಕೊಂಡು ಕಲ್ಲು ಆರಿಸತೊಡಗಿದಳು. ಮಗುವಿನ ಕಡೆ ನೋಡಲೂ ಇಲ್ಲ. "ಈ ಸಲದ ಅಕ್ಕೀಲಿ ಏನ್ ಕಲ್ಲು ಕಣವ್ವಾ," ಎಂದು ಅಕ್ಕಿಗೆ ಹೇಳುವ ಹಾಗೆ ಹೇಳಿದಳು. ಸುಮಾರು ಹೊತ್ತು ಕಳೆಯಿತು. ಆಮೇಲೆ ಮೂಟೆಯ ಸಂದಿಯಿಂದ ಒಂದು ಕೈ ಬಂತು, ಕಚ್ಚಿಕೊಂಡಿದ್ದ ಕೈಯೇ. ಮೊರದಿಂದ ಒಂದು ಕಲ್ಲು ಎತ್ತಿ ಪಕ್ಕಕ್ಕಿಟ್ಟಿತು.

ಎರಡನೆಯ ದಿನದ ಪಾಠ ಅದೇ ಆಗಿತ್ತು. ಬೇರೆ ಮಕ್ಕಳನ್ನು ದೂರ ಕಳಿಸಿ, ಈ ಮಗುವನ್ನಲ್ಲ. ಮುಟ್ಟಬೇಡಿ. ಅದರ ಕಣ್ಣಿಗಿಂತ ಕೆಳಗೆ ಕೂರಿ. ಮಾತು ಕಡಿಮೆ ಮಾಡಿ. ಬಾಗಿಲು ಮುಚ್ಚಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಕೊಟ್ಟಿದ್ದ ಕೈಪಿಡಿಯ ಹಿಂದಿನ ಅರ್ಧದಲ್ಲಿ ಎಲ್ಲ ಅಚ್ಚಾಗಿತ್ತು. ಅವತ್ತು ಸಂಜೆ ಓದಿದೆ. ತರಬೇತಿಗೆ ಹೋಗದ ಹನುಮಕ್ಕನಿಗೆ ಅದು ಗೊತ್ತಿತ್ತು. ಸಹಿ ಹಾಕಿದ ನನಗೆ ಗೊತ್ತಿರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಇದು ನನ್ನ ದಡ್ಡತನ. ಮಾರನೆಯ ದಿನ ಮಾಡಿದ್ದು ದಡ್ಡತನವಲ್ಲ.

ಬೆಳಿಗ್ಗೆ ನಾಗಮಣಿಯ ಅಜ್ಜಿ ಬಂದರು. ಹಿಂದೆ ಊರಿನ ನಾಲ್ಕು ಜನ. ಮಗು ರಾತ್ರಿಯಿಂದ ಒಂದು ಮಾತೂ ಆಡಿಲ್ಲವಂತೆ. ಹೆಡ್‌ಮಾಸ್ಟರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು, "ಬೀಗ ಹಾಕಿದ್ದು ಯಾರು?"

ಆಗ ನಾನು ಅಂದೆ: "ಆ ರೂಮಿನ ಕೀಲಿ ಹನುಮಕ್ಕನ ಹತ್ರ ತಾನೇ ಇರೋದು ಸಾರ್."

ಒಂದೇ ವಾಕ್ಯ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಎಷ್ಟು ಜಾಣತನದಿಂದ ಹೊರಗೆ ಬಂತು ಎಂದರೆ, ಬಾಯಿ ನನ್ನದೇನಾ ಎಂದು ನನಗೇ ಅನುಮಾನವಾಯಿತು. ನೋಡಿದ ಮಕ್ಕಳಿರಲಿಲ್ಲ, ನಾನೇ ಅಟ್ಟಿದ್ದೆನಲ್ಲ. ಹನುಮಕ್ಕ "ನಾನಲ್ಲ ಸಾ" ಅಂದಳು, ಒಂದೇ ಸಲ. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ — ಮಗ್ಗಿ ಮರೆತ ಹುಡುಗನಿಗೆ ನೆನಪಾಗಲಿ ಎಂದು ಕಾಯುವ ಹಾಗೆ ಕಾದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಅಜ್ಜಿ ಹನುಮಕ್ಕನ ಸೆರಗು ಹಿಡಿದು ಅತ್ತರು. "ನಾ ಬಿಡ್ಡನ್ನ, ನಮ್ ಮಗೂನ ಅಕ್ಕಿಮೂಟೆ ತರ ಒಳಗಾಕಿ ಬೀಗ ಆಕ್ದೇನಮ್ಮಾ? ನೀ ಕಡುಪುನ, ನಿನ್ ಒಟ್ಟೇಲಿ ಮಕ್ಕಳು ಉಟ್ಲಿಲ್ವೇನಮ್ಮಾ?"

ಆ ವಾರವೇ ಹನುಮಕ್ಕನನ್ನು ಅಡುಗೆ ಕೆಲಸದಿಂದ ಬಿಡಿಸಿದರು. ಮಗುವನ್ನು ಕೂಡಿಹಾಕಿದ್ದಕ್ಕೆ ಎಂದು ದಾಖಲೆಯಲ್ಲಿ ಬರೆದರು. ನಾಗಮಣಿ ಮತ್ತೆ ಶಾಲೆಗೆ ಬರಲಿಲ್ಲ. ಅಜ್ಜಿ ಊರಿಗೆ ಕರೆದುಕೊಂಡು ಹೋದರೆಂದು ಕೇಳಿದೆ. ಕೇಳಿ — ಹಗುರಾಯಿತು. ಅದನ್ನೂ ಬರೆದುಬಿಡಬೇಕು. ಹಗುರಾಯಿತು.

ಮುಂದಿನದು ಇನ್ನೂ ನಾಚಿಕೆಗೇಡು. ಭಯಕ್ಕೆ ನಾನು ಆ ಕೈಪಿಡಿಯನ್ನು ಅಕ್ಷರ ಬಿಡದೆ ಓದಿದೆ. ಅಂಥ ತರಬೇತಿ ಎಲ್ಲೇ ಇದ್ದರೂ ಹೋದೆ, ಎರಡನೆಯ ದಿನವೂ ಕೂತೆ. ಕೊನೆಗೆ ನನ್ನನ್ನೇ ಪಾಠ ಹೇಳಲು ಕರೆದರು. ಪಾಠ ಹೇಳುವವರು ಒಂದು ಸ್ವಂತ ಅನುಭವ ಹೇಳಬೇಕು ಎಂಬುದು ರೂಢಿ. ನಾನು ಅಕ್ಕಿಯ ಕಥೆ ಹೇಳಿದೆ. ಮಗು ಮೂಟೆಯ ಸಂದಿಯಲ್ಲಿ ಕೂತಿತ್ತು, ನಾನು ನೆಲದ ಮೇಲೆ ಕೂತೆ, ಮೊರ ತೆಗೆದುಕೊಂಡೆ... ಹೌದು, ನಾನು. ಬೀಗ ಹನುಮಕ್ಕನ ತಲೆಗೆ ಕಟ್ಟಿದ್ದೆ. ಮೊರವನ್ನೂ ಅವಳ ಕೈಯಿಂದ ಕಿತ್ತುಕೊಂಡೆ. ಪ್ರತಿ ಸಲ ಚಪ್ಪಾಳೆ ಬಿತ್ತು.

ಎರಡು ತಿಂಗಳ ಹಿಂದೆ ಕೊರಟಗೆರೆಯಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆ, ಚಿಕ್ಕ ವಯಸ್ಸಿನವಳು, ಎದ್ದು ನಿಂತು ಕೇಳಿದಳು: "ಸಾರ್, ಆ ಮಗಾ ಈಗ ಎಂಗೈತೆ?"

"ಚೆನ್ನಾಗಿದಾಳಮ್ಮ. ಪಿಯುಸಿ ಓದ್ತಿದಾಳೆ," ಅಂದೆ. ತಡವರಿಸದೆ.

ಅವಳ ಮುಖ ಅರಳಿತು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದೆ. ಮತ್ತೆ ಒಳಗೆ ಹೋಗಲು ಆಗಲಿಲ್ಲ.

ಹನುಮಕ್ಕ ಈಗ ಶಿರಾದಲ್ಲಿ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಅದಾದ ಮೇಲೆ ಒಂದು ದಿನ ವಿಚಾರಿಸಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿಗೆ ಹೋದೆ. ಬೇವಿನ ಮರದ ಕೆಳಗೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾರು, ಮೇಷ್ಟ್ರಾ? ಏನ್ ಇಂಗ್ ಸೊರಗೋಗ್ಬುಟ್ಟಿದ್ದೀರಾ? ಸಕ್ರೆ ಕಾಯ್ಲೆನಾ?"

"ಹನುಮಕ್ಕ, ಅವತ್ತು ಬೀಗ... ನಾನು..." ಅಂದೆ.

"ಅದ್ನೇನ್ ನಂಗೆ ಯೋಳ್ತೀರಿ ಸಾ? ನಾನೇ ಅಲ್ವಾ ಬೀಗ ತೆಗ್ದಿದ್ದು." ಊಟದ ಡಬ್ಬಿಗೆ ಮುಚ್ಚಳ ಹಾಕಿದಳು. "ಅವರಜ್ಜಿಗೂ ಗೊತ್ತು. ಆರು ತಿಂಗ್ಳಿಗೆ ಮಗಾ ಬಾಯ್ ಬುಡ್ತಂತೆ. ಮೊದ್ಲು ಯೋಳಿದ್ದೇ ಅದಂತೆ, ಸಾರು ಬೀಗ ಆಕಿದ್ರು ಅಂತ. ಆವಮ್ಮ ನನ್ನ ಹುಡುಕ್ಕೊಂಡ್ ಬಂದು ಕೈ ಇಡ್ಕಂಡು ಅತ್ಲು. ಆ ತಟ್ಟೆ ಆಮೇಲೆ ಪಾತ್ರೆ ಸಂದೀಲಿ ಸಿಕ್ಕಿತ್ತು, ನನ್ನ ಹತ್ರಾನೇ ಇತ್ತು, ಕೊಟ್ ಕಳಿಸ್ದೆ."

ಎಂಟು ವರ್ಷ ನಾನು ಒಂದು ಗುಟ್ಟನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಯಾರಿಂದ ಮುಚ್ಚಿಡಬೇಕೆಂದಿದ್ದೆನೋ ಅವರಿಗೆಲ್ಲ ಅದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕಾಗದಕ್ಕೆ ಮಾತ್ರ.

"ಮತ್ತೆ ಯಾಕೆ ಯಾರೂ ಬಂದು ಕೇಳಲಿಲ್ಲ?"

"ಯಾರ್ನ ಕೇಳಾನ ಸಾ? ನೀವ್ ಮೇಷ್ಟ್ರು. ನಾವ್ ಯೋಳಿದ್ರೆ ಬರ್ಕಂತಾರಾ?"

ನಾಗಮಣಿ ಹೇಗಿದ್ದಾಳೆಂದು ಕೇಳಿದೆ.

"ಅವ್ಳೆ. ಟೈಲರಿಂಗ್ ಮಾಡ್ತಾಳಂತೆ. ಸ್ಕೂಲ್ಗೆ ಮತ್ತೆ ಓಗ್ಲಿಲ್ಲ. ಬಾಗ್ಲಾಕಿದ್ರೆ ನಿದ್ದೆ ಮಾಡಲ್ವಂತೆ ಈಗ್ಲೂ. ಮಳೆ ಬರ್ಲಿ, ಚಳಿ ಬರ್ಲಿ, ತೆಗ್ದೇ ಇರ್ಬೇಕು. ಅಜ್ಜಿ ಬಾಗ್ಲಲ್ಲಿ ಮಲಗ್ತಾಳೆ."

ಹೋಗಿ ನೋಡಿ ಕ್ಷಮೆ ಕೇಳುತ್ತೇನೆ ಎಂದೆ. ಆಗ ಮಾತ್ರ ಅವಳ ದನಿ ಬಿಗಿಯಾಯಿತು. "ಬ್ಯಾಡಿ. ನಿಮ್ಮ ಸಮಾಧಾನಕ್ಕೆ ಆ ಮಗೀನ ಮುಂದೆ ಓಗಿ ನಿಂತ್ಕಬ್ಯಾಡಿ. ನನ್ ಎಸ್ರಿಗೆ ಬರ್ಸಿದ್ರಲ್ಲ, ಅದ್ನ ಮೊದ್ಲು ಸರಿ ಮಾಡ್ಸಿ."

ಇಲಾಖೆಗೆ ಪತ್ರ ಬರೆದೆ. ಬೀಗ ಹಾಕಿದವನು ನಾನು, ಎರಡನೆಯ ದಿನ ಇರದೆ ಸಹಿ ಹಾಕಿದವನು ನಾನು, ದಾಖಲೆಯಲ್ಲಿ ಹನುಮಕ್ಕನ ಹೆಸರಿಗೆ ಹತ್ತಿದ್ದನ್ನು ತೆಗೆಯಬೇಕು. ಪತ್ರ ತೆಗೆದುಕೊಂಡ ಗುಮಾಸ್ತರು ಓದಿ, ಕನ್ನಡಕ ತೆಗೆದು, "ಇದೆಲ್ಲ ಈಗ ಯಾಕೆ ಸಾರ್? ನಿಮ್ಮ ಸರ್ವೀಸು ಇನ್ನೂ ಇದೆಯಲ್ಲ," ಅಂದರು. ಅದು ನನಗೂ ಗೊತ್ತು. ಪತ್ರ ಕೊಟ್ಟ ದಿನದಿಂದ ಫೋನು ಸದ್ದಾದರೆ ಇಲಾಖೆಯದೇ ಎಂದು ಎದ್ದು ನೋಡುತ್ತೇನೆ. ಏನಾಗುತ್ತದೋ, ಯಾವಾಗ ಕರೆಯುತ್ತಾರೋ. ಇರಲಿ. ಈ ಸಲದ ಚಿಂತೆಗೆ ಕಾರಣವಾದರೂ ಇದೆ. ಸ್ವೀಕೃತಿಗೆ ಸಹಿ ಕೇಳಿದೆ, ಅವತ್ತಿನ ತಾರೀಖೇ ಹಾಕಿಸಿಕೊಂಡೆ.

ಮುಂದಿನ ವಾರ ಮಧುಗಿರಿಯಲ್ಲಿ ತರಬೇತಿಯಿದೆ. ಕರೆದವರು ಇನ್ನೂ ಬೇಡ ಅಂದಿಲ್ಲ. ಅಂದರೆ ಹೋಗುವುದಿಲ್ಲ. ಅನ್ನದಿದ್ದರೆ ಅಕ್ಕಿಯ ಕಥೆಯನ್ನೇ ಹೇಳುತ್ತೇನೆ — ಮೊರ ಯಾರ ಕೈಯಲ್ಲಿತ್ತು, ಬೀಗ ಯಾರ ಕೈಯಲ್ಲಿತ್ತು ಎಂಬುದನ್ನು ಸೇರಿಸಿ. ಕೊರಟಗೆರೆಯ ಆ ಹುಡುಗಿಗೂ ತಿಳಿಸಬೇಕು, ನಾನು ಹೇಳಿದ್ದು ಸುಳ್ಳು ಎಂದು.

ನಾಗಮಣಿಯ ಊರಿಗೆ ಹೋಗುವುದಿಲ್ಲ. ಅಷ್ಟನ್ನಾದರೂ ಹನುಮಕ್ಕನ ಮಾತಿನಂತೆ ನಡೆಯುತ್ತೇನೆ.

ಮನೆಯ ಬೀಗವನ್ನು ಈಗಲೂ ಮೂರು ಸಲ ಜಗ್ಗಿ ನೋಡುತ್ತೇನೆ. ಪಾವಗಡದ ಆಚೆ ಒಂದು ಮನೆಯ ಬಾಗಿಲು ಇವತ್ತೂ ತೆರೆದೇ ಇರುತ್ತದೆ. ಅದರ ಹೊಸ್ತಿಲಿನ ಮೇಲೆ ಒಬ್ಬ ಮುದುಕಿ ಮಲಗಿರುತ್ತಾಳೆ.