ಹೆಚ್ಚಿಗೆ ಕಳಚಿದ ಬಳೆ

ನಮ್ಮ ಅಪ್ಪನಿಗೆ ಬೀದಿಯವರು ಇಟ್ಟ ಹೆಸರು ಎಣಿಕೆ ಮಾಸ್ತರು. ಸೈಕಲ್ ರಿಪೇರಿಯವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಿಚ್ಚಿದ ಪ್ರತಿ ನಟ್ಟು, ವಾಷರು ತಗಡಿನ ತಟ್ಟೆಗೆ ಬೀಳಬೇಕು. ಬಿಚ್ಚಿದ್ದನ್ನು ಒಂದು ಸಲ, ಗಾಡಿಯಲ್ಲಿ ಉಳಿದದ್ದನ್ನು ಒಂದು ಸಲ ಎಣಿಸದೆ ಗಿರಾಕಿಗೆ ಗಾಡಿ ಕೊಡುತ್ತಿರಲಿಲ್ಲ. "ಮಾಸ್ತರೇ, ನನ್ನ ಹಲ್ಲೂ ಎಣಿಸಿಬಿಡಿ" ಎಂದು ಎದುರಂಗಡಿಯ ಕ್ಷೌರಿಕ ಕಾಲೆಳೆಯುತ್ತಿದ್ದ. ಹದಿನೈದು ವರ್ಷ ಅಪ್ಪನ ಜೊತೆ ಕೈ ಮಸಿ ಮಾಡಿಕೊಂಡ ಮಗಳು ನಾನು. ನನಗೂ ಮೈ ಉರಿಯುತ್ತಿತ್ತು.

ಮನೆಯಲ್ಲಿ ಇನ್ನೊಂದು ಕಾಟ. ನಡುಮನೆಯ ಮೇಲಿನ ಹಲಗೆಯಲ್ಲಿ ಒಂದು ಚಿಕ್ಕ ಡಬ್ಬಿ. ಅದಿರುವ ಕೋಣೆಯಲ್ಲಿ ಯಾರೂ ಬೆಂಕಿಕಡ್ಡಿ ಗೀರುವಂತಿಲ್ಲ. ಯಾಕೆಂದು ಕೇಳಿದರೆ ಅಪ್ಪ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ.

ಅದೇ ಕೋಣೆಯಲ್ಲಿ ಸೋದರಮಾವನ ಫೋಟೋ. ಅವನೂ ಅಪ್ಪನೂ ಯುದ್ಧದಲ್ಲಿ ಮಾರ್ಟರ್ ಎಂಬ ಗಿಡ್ಡ ಫಿರಂಗಿ ಹಾರಿಸುವ ಒಂದೇ ತುಕಡಿಯವರು. ಮಾವ ಮುಂದಿನ ಗುಡ್ಡದಲ್ಲಿ ಕೂತು ವೈರ್‌ಲೆಸ್‌ನಲ್ಲಿ ಗುರಿ ಹೇಳುವವನು, ಅಪ್ಪ ಹಿಂದೆ ಗುಂಡು ಸಿದ್ಧ ಮಾಡುವವನು. ಮಾವ ಶತ್ರುವಿನ ಗುಂಡಿಗೆ ಸತ್ತನೆಂದು ಅವನ ಕೈಗಡಿಯಾರ ಹಿಡಿದು ಬಂದವನು ಅಪ್ಪನೇ. ಎರಡು ವರ್ಷದ ಮೇಲೆ ಅಮ್ಮನನ್ನು ಮದುವೆಯಾದ. ಅಣ್ಣನ ಫೋಟೋ ದಿನಾ ಒರೆಸುವವಳು ಅಮ್ಮ. ಬೇರೆಯವರು ಮುಟ್ಟಿದರೆ ಮುಖ ಗಂಟಿಕ್ಕುತ್ತಿದ್ದಳು.

ಹೋದ ವರ್ಷ ತುಕಡಿಯ ಹಳೆಯ ಕ್ಯಾಪ್ಟನ್ ಕಾಗದ ಬರೆದರು. ಆ ದಿನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ, ಭಾನುವಾರ ಬರುತ್ತೇನೆ, ಅವತ್ತು ವೈರ್‌ಲೆಸ್‌ನಲ್ಲಿ ಆಡಿದ ಮಾತುಗಳ ದಾಖಲೆ ನನ್ನ ಹತ್ತಿರವೇ ಇದೆ ಎಂದು. ಅಮ್ಮನಿಗೆ ಹಿಗ್ಗೋ ಹಿಗ್ಗು. ಅಪ್ಪ ಊಟ ಬಿಟ್ಟ. ಅಂಗಡಿಯಲ್ಲಿ ಒಂದೇ ತಟ್ಟೆಯನ್ನು ನಾಲ್ಕು ಸಲ ಎಣಿಸಿದ. ಶನಿವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ನನ್ನನ್ನು ಕೂರಿಸಿಕೊಂಡ.

"ಒಂದೊಂದು ಗುಂಡಿನ ಬಾಲಕ್ಕೂ ಆರು ಮದ್ದಿನ ಬಳೆ ಇರ್ತವೆ. ಹತ್ತಿರಕ್ಕೆ ಬೀಳಬೇಕಾದ್ರೆ ಬಳೆ ಕಳಚಬೇಕು. ಅವತ್ತು ಎರಡೆರಡು ಕಳಚು ಅಂದ್ರು. ಹತ್ತು ಗುಂಡು ಹೊಡೆದ್ವಿ. ಆಮೇಲೆ ಕಳಚಿದ್ದನ್ನ ಎಣಿಸ್ದೆ."

"ಇಪ್ಪತ್ತು," ಎಂದೆ.

"ಇಪ್ಪತ್ತೊಂದಿತ್ತು."

ಯಾವುದೋ ಒಂದರಿಂದ ಮೂರು ಕಳಚಿತ್ತು. ಆ ಗುಂಡು ಗುರಿಯವರೆಗೆ ಹೋಗಿರಲಿಲ್ಲ. ಗುರಿಗಿಂತ ಈಚೆಗಿದ್ದದ್ದು ಮಾವನ ಗುಡ್ಡ.

"ನಿಮ್ಮಮ್ಮಂಗೆ ಗೊತ್ತಾದ್ರೆ ನನ್ನ ಜೊತೆ ಇರ್ತಾಳಾ?"

"ಸುಮ್ನೆ ಬಾಯಿ ಮುಚ್ಕೊಂಡಿರಪ್ಪ" ಎಂದು ಗದರಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ಕ್ಯಾಪ್ಟನ್ ಊರುಗೋಲು ಊರಿಕೊಂಡು ಬಂದರು. ಅಮ್ಮ ಚಹಾ ಕೊಟ್ಟು ಎದುರಿಗೇ ಕುಳಿತಳು. "ನಮ್ಮಣ್ಣ ಹೇಗೆ ಹೋದ, ನೀವಾದ್ರೂ ಹೇಳಿ. ಇವರಂತೂ ಹೇಳೋದೇ ಇಲ್ಲ."

ಕ್ಯಾಪ್ಟನ್ ದಾಖಲೆ ತೆರೆದರು, ಅಪ್ಪನ ಮುಖ ನೋಡಿದರು, ಮುಚ್ಚಿಬಿಟ್ಟರು. "ಶತ್ರುವಿನ ಗುಂಡಿಗೇ ಕಣಮ್ಮ. ವರದಿ ಬರೆದೋನು ನಾನೇ."

ಅವರಿಗೂ ಗೊತ್ತಿತ್ತು. ಬದುಕಿದೆವು ಎಂದುಕೊಂಡೆ.

ಅಷ್ಟರಲ್ಲಿ ಅಪ್ಪ ಕುರ್ಚಿ ಹತ್ತಿ ಡಬ್ಬಿ ಇಳಿಸಿ ಅಮ್ಮನ ಮಡಿಲಲ್ಲಿಟ್ಟ. "ಇಪ್ಪತ್ತು ಬಳೆ ಸುಟ್ಟೆ. ಇದೊಂದನ್ನ ಸುಡೋಕಾಗ್ಲಿಲ್ಲ. ನಿಮ್ಮಣ್ಣನ್ನ ಕೊಂದಿದ್ದು ನನ್ನ ಕೈ" ಎಂದ. ಒಂದೂ ಬಿಡದೆ ಎಲ್ಲ ಹೇಳಿದ.

ಅಮ್ಮ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತಳು. ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ, "ಅವನು ಕೊನೇಲಿ ಏನಂದ?" ಎಂದಳು.

ಕ್ಯಾಪ್ಟನ್ ಮತ್ತೆ ತೆರೆದು ಓದಿದರು. "ಮೂರನೇದು ನನ್ನ ಹತ್ತಿರ ಬಿತ್ತು, ಏಟಾಗಿದೆ. ಮೊದಲೆರಡು ಸರಿ ಇವೆ. ಹಾಗೇ ಹೊಡೀರಿ."

"ಹೊಡೆದ್ರಾ?" ಅಮ್ಮ ಅಪ್ಪನನ್ನು ಕೇಳಿದಳು.

"ಇನ್ನೂ ಏಳು," ಎಂದ ಅಪ್ಪ.

ಅಮ್ಮ ಬಳೆಯನ್ನು ಡಬ್ಬಿಗೆ ಹಾಕಿ, ಫೋಟೋದ ಕೆಳಗೆ ಕಣ್ಣಿಗೆ ಬೀಳುವಂತೆ ಇಟ್ಟಳು. "ಇನ್ಮೇಲೆ ಇದು ಇಲ್ಲೇ ಇರುತ್ತೆ. ಫೋಟೋ ನೀವೇ ಒರೆಸ್ಬೇಕು."

ಅವಳು ಮನೆ ಬಿಟ್ಟು ಹೋಗಲಿಲ್ಲ. ಕ್ಷಮಿಸಿದಳೆಂದೂ ನಾನು ಹೇಳಲಾರೆ. ದಿನಾ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅಪ್ಪ ಗಾಜು ಒರೆಸಿ, ಡಬ್ಬಿಯ ಮುಚ್ಚಳ ತೆಗೆದು, "ಒಂದು" ಎಂದು ಎಣಿಸಿ ಅಂಗಡಿಗೆ ಹೊರಡುತ್ತಾನೆ.