ಮಿಸ್ಟರ್ ಮಾ ಒಪ್ಪದ ಬೆಟ್ಟ

ಮಿಸ್ಟರ್ ಮಾ ಗೋಡೆಗಳನ್ನೂ ನಂಬುತ್ತಿರಲಿಲ್ಲ. ಕುವೈತಿನ ನಮ್ಮ ಗ್ಯಾಲರಿಗೆ ಬಂದ ದಿನ, ಕೋಟನ್ನೂ ಬಿಚ್ಚದೆ, ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಗೋಡೆಗೆ ಅಂಗೈ ಒತ್ತಿ ನಿಂತರು. ಆಮೇಲೆ ಮೂಸಿದರು. "ಒಳಗೆ ನೀರಿದೆ," ಎಂದರು. ಹೊರಗೆ ಮರಳುಗಾಳಿ ಬೀಸುತ್ತಿತ್ತು. ನೀರಿಲ್ಲ ಸರ್ ಎಂದೆ. "ಹೇಳಿದ್ದು ಯಾರು?" ಎಂದು ಕೇಳಿದರು. ಅವರ ಮುರುಕು ಇಂಗ್ಲಿಷಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಅದೇ. ಎ.ಸಿ. ಸರಿಯಾಗಿದೆ ಎಂದರೂ ಹೇಳಿದ್ದು ಯಾರು, ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದರೂ ಹೇಳಿದ್ದು ಯಾರು.

ಎಪ್ಪತ್ತು ದಾಟಿದ ಕೊರಿಯಾದ ಚಿತ್ರಕಾರ ಅವರು. ಬರೆಯುತ್ತಿದ್ದದ್ದು ಬೆಟ್ಟಗಳನ್ನು ಮಾತ್ರ. ಕಾಗದದ ಮೇಲೆ ಕಪ್ಪು ಶಾಯಿಯ ಬೆಟ್ಟ, ಅದರ ಸೊಂಟಕ್ಕೆ ಮಂಜು, ಮೂಲೆಯಲ್ಲಿ ಅವರ ಕೆಂಪು ಮುದ್ರೆ. ಬೆಟ್ಟವೆಂಬುದೇ ಕಾಣದ ಈ ಊರಿನಲ್ಲಿ ಅವರೊಬ್ಬರದೇ ಪ್ರದರ್ಶನ ಏರ್ಪಾಡಾಗಿತ್ತು. ಮೈಸೂರಿನಿಂದ ಬಂದು ಇಲ್ಲಿನ ರಿಗ್ಗೈ ಬಡಾವಣೆಯಲ್ಲಿ ಸಂಸಾರ ಹೂಡಿದ್ದ ನಾನು ಅಲ್ಲಿ ಸಹಾಯಕಿ. ನನ್ನ ಚಿತ್ರಾನ್ನದ ಡಬ್ಬಿಯನ್ನು ಮಿಸ್ಟರ್ ಮಾ ಕೆಲವು ದಿನ ದೂರದಿಂದಲೇ ಪರೀಕ್ಷಿಸಿದರು. ಒಂದು ಮಧ್ಯಾಹ್ನ ಒಂದೇ ಒಂದು ಕಡಲೆಬೀಜ ಹೆಕ್ಕಿ, ಬಹಳ ಹೊತ್ತು ಅಗಿದು, ತಲೆಯಾಡಿಸಿದರು. ಮರುದಿನದಿಂದ ನಾನು ಎರಡು ಡಬ್ಬಿ ತರತೊಡಗಿದೆ.

ಉದ್ಘಾಟನೆಗೆ ಮುಂಚಿನ ದಿನ ಚಿತ್ರಗಳನ್ನೆಲ್ಲ ತೂಗುಹಾಕಿ ಮುಗಿಸಿದ್ದೆವು. ಮಿಸ್ಟರ್ ಮಾ ಒಂದೊಂದನ್ನೇ ನೋಡುತ್ತ ಬಂದು ಕೊನೆಯದರ ಮುಂದೆ ನಿಂತುಬಿಟ್ಟರು. ಅದರಲ್ಲಿ ಮಂಜಿರಲಿಲ್ಲ. ಬೋಳು ಬೆಟ್ಟ, ಒಂದೇ ಕಡೆಗೆ ಬಾಗಿದ ಹುಲ್ಲು.

"ಇದು ನನ್ನದಲ್ಲ."

"ನಿಮ್ಮ ಮುದ್ರೆ ಇದೆಯಲ್ಲ ಸರ್?"

"ಮುದ್ರೆ ನನ್ನದು. ಬೆಟ್ಟ ನನ್ನದಲ್ಲ. ಯಾರೋ ಬದಲಾಯಿಸಿದ್ದಾರೆ."

ಗ್ಯಾಲರಿಯ ಒಡತಿ, ನಾವು ಮೇಡಂ ಎನ್ನುತ್ತಿದ್ದ ಕುವೈತಿ ಹೆಂಗಸು, ನನ್ನ ಕಡೆ ತಿರುಗಿದರು. "ಚಿತ್ರಗಳ ಪೆಟ್ಟಿಗೆ ಬಿಚ್ಚಿದ್ದು ನೀನಲ್ಲವೆ?" ಎಂದರು. ಅಷ್ಟೇ. ಆದರೆ ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲ್ ಅವರೇ. ಅವರು ಕೈಬಿಟ್ಟರೆ ನನ್ನ ಇಕಾಮಾ, ಇಲ್ಲಿರುವ ಪರವಾನಗಿ, ಹೋಗುತ್ತದೆ, ಈ ದೇಶದಲ್ಲಿ ನನಗೆ ಜಾಗವಿರುವುದಿಲ್ಲ. ಆಗಲೇ ಗೋದಾಮಿನ ಕೀಲಿಯನ್ನು ನನ್ನಿಂದ ತೆಗೆದುಕೊಂಡರು. "ಸುಮ್ಮನೆ, ನನ್ನ ಹತ್ತಿರ ಇರಲಿ," ಎಂದರು.

ತಮ್ಮ ಮೇಲೆ ಸಂಶಯ ಬಿದ್ದವರಿಗೆ ತಾವೂ ಯಾರ ಮೇಲಾದರೂ ಸಂಶಯ ಪಡದೆ ಉಸಿರಾಡಲಾಗುವುದಿಲ್ಲವೇನೋ. ನಾನು ಹೋಗಿ ಡ್ರೈವರ್ ಹಮೀದ್ ಭಾಯಿಯನ್ನು ಹಿಡಿದೆ. ಉಪ್ಪಿನಂಗಡಿಯವರು; ಪೆಟ್ಟಿಗೆಗಳನ್ನು ವಿಮಾನ ನಿಲ್ದಾಣದಿಂದ ತಂದವರು ಅವರೇ.

"ಹಮೀದ್ ಭಾಯಿ, ಬರ್ತಾ ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ರಾ?"

"ಪೆಟ್ರೋಲಿಗೆ ನಿಲ್ಲಿಸಿದ್ದು. ಎಂತ ಅಕ್ಕಾ, ನನ್ನ ಮೇಲೆ ಡೌಟಾ ನಿಮ್ಗೆ?"

"ಹಾಗಲ್ಲ, ಸುಮ್ನೆ ಕೇಳ್ದೆ."

"ಪೆಟ್ಟಿಗೆ ಬಿಚ್ಚಿದ್ದು ನೀವು. ನಾನು ನಿಮ್ಮನ್ನು ಕೇಳಿದ್ನಾ?"

ಗಂಡನಿಗೆ ಫೋನು ಮಾಡಿದರೆ, "ಮುದುಕನದೇ ಗಿಮಿಕ್ ಇರ್ಬೇಕು ಕಣೇ, ಪೇಪರಲ್ಲಿ ಬರೋಕೆ," ಎಂದ. ಅದೂ ನಿಜವಿರಬಹುದೆನಿಸಿತು. ಅಂದು ಊಟದ ಹೊತ್ತಿಗೆ ಮಿಸ್ಟರ್ ಮಾ ಎಂದಿನಂತೆ ಬಂದು ಎದುರು ಕುಳಿತಾಗ, ಅವರ ಮುಖದಲ್ಲಿ ಕಳ್ಳತನ ಹುಡುಕಿದೆ. ಅವರು ನನ್ನ ಮುಖದಲ್ಲಿ ಹುಡುಕುತ್ತಿದ್ದರು. ಹಾಗೆ ಹುಡುಕುತ್ತಲೇ ಇಬ್ಬರೂ ಚಿತ್ರಾನ್ನ ತಿಂದೆವು.

ಮರುದಿನ ಬೆಳಿಗ್ಗೆ ಅವರ ಮಗಳು ಉದ್ಘಾಟನೆಗೆಂದು ಸಿಯೋಲ್‌ನಿಂದ ಬಂದಿಳಿದಳು. ಅಪ್ಪ ಬೆರಳು ಮಾಡಿ ತೋರಿಸಿದ ಚಿತ್ರವನ್ನು ನೋಡಿದಳು. ಮೇಡಂ ಮತ್ತು ನನ್ನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು.

"ಅದು ಅಪ್ಪನದೇ. ಕಳೆದ ವಸಂತದಲ್ಲಿ ಬರೆದದ್ದು. ಶಾಯಿಕಡ್ಡಿ ತೇಯ್ದು ಕೊಟ್ಟವಳು ನಾನೇ," ಎಂದಳು. "ಈಗೀಗ ಅವರಿಗೆ ಮರೆಯುತ್ತದೆ. ಮರೆತಿದ್ದೇನೆ ಎಂದು ಗೊತ್ತಾಗುವುದಿಲ್ಲ, ಅದಕ್ಕೇ ಯಾರೋ ಕದ್ದಿದ್ದಾರೆ ಅನಿಸುತ್ತದೆ. ಮನೆಯಲ್ಲಿ ಅಮ್ಮನ ಮೇಲೆ ಸಂಶಯ. ಇಲ್ಲಿ ನಿಮ್ಮ ಮೇಲೆ ಬಂದಿದೆ. ನಾನು ಮೊದಲೇ ತಿಳಿಸಬೇಕಿತ್ತು."

ಮೇಡಂ ನನ್ನ ಕೈ ಹಿಡಿದು, "ಖಲಾಸ್, ಮರೆತುಬಿಡು," ಎಂದು ಕೀಲಿ ಕೊಟ್ಟರು. ಕೀಲಿಯನ್ನು ತೆಗೆದುಕೊಂಡೆ, ಮರೆಯುವುದು ಅಷ್ಟು ಸುಲಭವಾಗಲಿಲ್ಲ. ಹಮೀದ್ ಭಾಯಿಗೂ ಹಾಗೇ ಆಗಿರಬೇಕು. ವಿಷಯ ಹೇಳಿದಾಗ, "ಪಾಪ ಅಜ್ಜ," ಎಂದರು. ಆಮೇಲೆ ನನಗೆ ಬೆನ್ನು ಹಾಕಿ ಕಾರು ಒರೆಸತೊಡಗಿದರು.

ಇನ್ನೊಬ್ಬರ ಕೆಲಸಕ್ಕೆ ತನ್ನ ಹೆಸರು ಬೇಡವೆಂದು ಮಿಸ್ಟರ್ ಮಾ ಹಟ ಹಿಡಿದರು. ಮಗಳು ಒಪ್ಪಿದಳು. ಹೆಸರಿನ ಚೀಟಿಯನ್ನು ನಾನೇ ಕಿತ್ತೆ. ಪ್ರದರ್ಶನದುದ್ದಕ್ಕೂ ಆ ಬೋಳು ಬೆಟ್ಟ, ಮೂಲೆಯ ಮುದ್ರೆ ಬಿಟ್ಟರೆ, ಅನಾಮಿಕವಾಗಿ ತೂಗಿಕೊಂಡಿತ್ತು. ಬೇರೆಯವರು ಅವರ ಮಂಜನ್ನು ಹೊಗಳುತ್ತಿದ್ದರೆ ಅವರು ಮಾತ್ರ ದಿನವೂ ಇದರ ಮುಂದೆ ನಿಲ್ಲುತ್ತಿದ್ದರು. ಮೊದಮೊದಲು ಪೊಲೀಸನ ಹಾಗೆ. ಬರಬರುತ್ತ ಕುರ್ಚಿ ಎಳೆದುಕೊಂಡು.

ಕೊನೆಯ ದಿನ ಕಾರು ಕಾಯುತ್ತಿತ್ತು. ಮಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವರು ಆ ಬೋಳು ಬೆಟ್ಟದ ಮುಂದೆ ನಿಂತು ನನ್ನನ್ನು ಹತ್ತಿರ ಕರೆದರು.

"ಇವನು ನನಗಿಂತ ಚೆನ್ನಾಗಿ ಬರೆದಿದ್ದಾನೆ. ನಾನು ಹೆದರಿ ಎಲ್ಲ ಕಡೆ ಮಂಜು ಹಾಕುತ್ತೇನೆ. ಇವನಿಗೆ ಹೆದರಿಕೆ ಇಲ್ಲ. ಎಲ್ಲಿರುತ್ತಾನೆ?"

ಮಗಳ ಕಡೆ ನೋಡಿದೆ. ಅವಳು ಮುಖ ತಿರುಗಿಸಿದಳು.

"ನಿಮ್ಮ ಊರಿನವರೇ ಸರ್," ಎಂದೆ.

ಯಾರು ಹೇಳಿದರೆಂದು ಅವರು ಕೇಳಲಿಲ್ಲ. ಮುಖವೆಲ್ಲ ಅರಳಿತು. "ಹಾಗಾದರೆ ಹೋದ ಕೂಡಲೇ ನೋಡುತ್ತೇನೆ," ಎಂದು ಮಗಳನ್ನೂ ದಾಟಿಕೊಂಡು ಸರಸರನೆ ಕಾರಿನತ್ತ ನಡೆದರು.